ಔಟಾದವರು ಎಲ್ಲಿ ನಿಲ್ಲುತ್ತಾರೆ?

ಕೊಚ್ಚಿ ಮೆಟ್ರೊದ ಮಹಾರಾಜಾಸ್ ಕಾಲೇಜ್ ನಿಲ್ದಾಣದಲ್ಲಿ ಇಳಿದರೆ ಮೈದಾನ ಹೆಜ್ಜೆ ದೂರ. ಸಂಜೆ ನಾಲ್ಕೂವರೆ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಸ್ಪೈಕ್ಸ್ ಹಾಕಿದ ಏಳೆಂಟು ಹುಡುಗಿಯರು ಇನ್ನೂರು ಮೀಟರ್ ಓಡಿ, ಸೊಂಟಕ್ಕೆ ಕೈಕೊಟ್ಟು ನಡೆದು, ಮತ್ತೆ ಓಡುತ್ತಿದ್ದಾರೆ. ಎಲ್ಲರ ಕಾಲೂ ಕಡ್ಡಿ. ಹೊರಗಿನ ಲೇನಿನಲ್ಲಿ ವೈದ್ಯರು ಹೇಳಿದರೆಂದು ನಡೆಯಲು ಬಂದ ಐವತ್ತು ದಾಟಿದವರು. ಈ ಎರಡು ಗುಂಪುಗಳ ನಡುವಿನ ಒಂದು ವರ್ಗ ಮಾತ್ರ ಕಾಣುವುದಿಲ್ಲ: ಬೆನ್ನಿಗೆ ಎಂಟು ಕಿಲೋ ಚೀಲ, ಅಂಗಿಯ ಕೊನೆಯ ಗುಂಡಿ ಬಿಗಿ, ಹದಿಮೂರು-ಹದಿನಾಲ್ಕರ ಪ್ರಾಯ. ಅವರು ಮೈದಾನದ ಗೋಡೆಯ ಆಚೆ, ಎಂ.ಜಿ. ರಸ್ತೆಯಲ್ಲಿ, ಟ್ಯೂಷನ್‌ಗೆ ಹೋಗುವ ಬಸ್ಸು ಕಾಯುತ್ತಿದ್ದಾರೆ.

2024ರ ನವೆಂಬರ್ 4ರಿಂದ 11ರವರೆಗೆ ಇದೇ ಮೈದಾನ ಕೇರಳದ ಕಣ್ಣಾಗಿತ್ತು. ರಾಜ್ಯ ಶಾಲಾ ಕ್ರೀಡಾಕೂಟವನ್ನು, ಇಲ್ಲಿಯವರ ಮಾತಿನಲ್ಲಿ ಕಾಯಿಕ ಮೇಳವನ್ನು, ಒಲಿಂಪಿಕ್ಸ್ ಮಾದರಿಯಲ್ಲಿ ಒಂದೇ ಊರಿಗೆ ತಂದು ಮಾಡಿದ ಮೊದಲ ವರ್ಷ ಅದು. ಎರ್ನಾಕುಳಂ ಜಿಲ್ಲೆಯ 17 ಕಡೆ ಸ್ಪರ್ಧೆ, ಸುಮಾರು 24,000 ಮಕ್ಕಳು, ಅಂಗವಿಕಲ ಮಕ್ಕಳಿಗೂ ಅದೇ ಕೂಟದಲ್ಲಿ ಜಾಗ, ಗಲ್ಫಿನ ಕೇರಳ ಸಿಲೆಬಸ್ ಶಾಲೆಗಳಿಂದ ಬಂದ ತಂಡ, ಜ್ಯೋತಿ ಬೆಳಗಿಸಲು ಹಾಕಿಯ ಪಿ.ಆರ್. ಶ್ರೀಜೇಶ್. ನಾನು ಕಾಸರಗೋಡಿನವನು. ನಮ್ಮ ಕಡೆಯ ಕನ್ನಡ ಮಾಧ್ಯಮದ ಮಕ್ಕಳೂ ಇದೇ ಸರ್ಕಾರದ ಶಾಲೆಗಳಲ್ಲಿ ಓದುವುದರಿಂದ ಈ ಕೂಟದ ಸುದ್ದಿಯನ್ನು ಸ್ವಂತ ಮನೆಯ ಸುದ್ದಿಯ ಹಾಗೆ ಓದುತ್ತೇವೆ. ಮಕ್ಕಳ ಆಟಕ್ಕೆ ಇಷ್ಟು ಸಡಗರ ಮಾಡುವ ರಾಜ್ಯ ಭಾರತದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಎಣಿಕೆ.

ಆದರೂ ಒಂದು ಸಣ್ಣ ಲೆಕ್ಕ ಹಾಕಿ. ಇಪ್ಪತ್ತನಾಲ್ಕು ಸಾವಿರ ಮಕ್ಕಳು ಇಲ್ಲಿಗೆ ಬಂದರು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲೇ 30 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದಾರೆ. ಸಿ.ಬಿ.ಎಸ್.ಇ. ಶಾಲೆಗಳವರು ಬೇರೆ. ಮೇಳಕ್ಕೆ ಬಂದವರಲ್ಲಿ ಹೆಚ್ಚಿನವರ ಮೈಯಲ್ಲಿ ಬೊಜ್ಜಿಲ್ಲ. ಉಳಿದವರ ಗತಿ ಏನೆಂದು ನೋಡಬೇಕಾದರೆ ಮೈದಾನ ಬಿಟ್ಟು ಶಾಲೆಯೊಳಗೆ ಹೋಗಬೇಕು.

ನಗರದೊಳಗಿನ ಒಂದು ಅನುದಾನಿತ ಹೈಸ್ಕೂಲು. ಒಂಬತ್ತನೇ ತರಗತಿಯ ಪಿ.ಟಿ. ಪೀರಿಯಡ್. ಗಂಟೆ ಹೊಡೆದು, ಎರಡನೇ ಮಹಡಿಯಿಂದ ಇಳಿದು, ಸಾಲು ನಿಂತು, ಹಾಜರಿ ಮುಗಿಸಿ, ಚೆಂಡು ಯಾರ ಕೈಗೆಂದು ತೀರ್ಮಾನವಾಗುವ ಹೊತ್ತಿಗೆ ನಲವತ್ತು ನಿಮಿಷದಲ್ಲಿ ಇಪ್ಪತ್ತು ಕಳೆದಿತ್ತು. ಅಂಗಳದ ಅರ್ಧಭಾಗದಲ್ಲಿ ಶಿಕ್ಷಕರ ಸ್ಕೂಟರು, ಶಾಲಾ ಬಸ್ಸು. ಉಳಿದರ್ಧದಲ್ಲಿ ವೃತ್ತ ಗೀಚಿ ಡಾಡ್ಜ್‌ಬಾಲ್. ಒಳಗೆ ಇಪ್ಪತ್ತು ಮಂದಿ, ಹೊರಗೆ ಇಪ್ಪತ್ತು ಮಂದಿ. ಚೆಂಡು ತಗಲಿದವನು ಔಟು.

ಮೊದಲು ಔಟಾದವರು ಯಾರೆಂದು ಹೇಳಬೇಕಾಗಿಲ್ಲ. ದೊಡ್ಡ ಮೈಗೆ ಚೆಂಡು ಬೇಗ ತಗಲುತ್ತದೆ, ಭಾರದ ಕಾಲು ತಡವಾಗಿ ತಿರುಗುತ್ತದೆ. ಎರಡು ನಿಮಿಷದೊಳಗೆ ಮೂವರು ದಪ್ಪ ಹುಡುಗರು ಹೊರಗೆ ಬಂದು ನೀರಿನ ನಲ್ಲಿಯ ಕಟ್ಟೆ ಮೇಲೆ ಕೂತರು. ‘ತಡಿಯಾ’, ಅಂದರೆ ದಪ್ಪನೆಯವನೇ, ಎಂದು ಯಾರೋ ಕೂಗಿದರು. ಕೂತವರೂ ನಕ್ಕರು. ಆಶಿಕ್ ಅಬು 2012ರಲ್ಲಿ ಆ ಪದವನ್ನೇ ಹೆಸರಲ್ಲಿಟ್ಟು ಒಂದು ಸಿನಿಮಾ ಮಾಡಿದ್ದರು, ಅದರಲ್ಲಿ ದಪ್ಪ ಹುಡುಗನೇ ನಾಯಕ. ಶಾಲೆಯಂಗಳಕ್ಕೆ ಅದೇನೂ ತಲುಪಿದಂತಿಲ್ಲ. ಕೊನೆಯ ತನಕ ಒಳಗೆ ಉಳಿದು, ಜಿಗಿದು, ಬಗ್ಗಿ, ಬೆವರಿನಲ್ಲಿ ತೊಯ್ದವನು ತರಗತಿಯ ಅತ್ಯಂತ ಸಪೂರ ಹುಡುಗ. ಅವನಿಗೆ ಆ ಇಪ್ಪತ್ತು ನಿಮಿಷದ ಅಗತ್ಯ ಎಲ್ಲರಿಗಿಂತ ಕಡಿಮೆ. ಕಟ್ಟೆಯ ಮೇಲಿದ್ದ ಮೂವರು ಆಡಿದ್ದು ಎರಡು ನಿಮಿಷ, ಕೂತದ್ದು ಹದಿನೆಂಟು. ರಿಜಿಸ್ಟರಿನಲ್ಲಿ ಮಾತ್ರ ಎಲ್ಲರಿಗೂ ಒಂದು ಪೀರಿಯಡ್ ದೈಹಿಕ ಶಿಕ್ಷಣ.

ಖೋಖೋ ಹಾಗೇ, ಲಗೋರಿಯೂ ಹೆಚ್ಚು ಕಡಿಮೆ ಹಾಗೇ, ರನ್ನಿಂಗ್ ರೇಸಂತೂ ಕೇಳುವುದೇ ಬೇಡ. ನಮ್ಮ ಬಹುತೇಕ ಶಾಲಾ ಆಟಗಳಲ್ಲಿ ಸೋತವನಿಗೆ ವಿಶ್ರಾಂತಿ ಬಹುಮಾನ. ದಪ್ಪ ಮಕ್ಕಳನ್ನು ಶಾಲೆ ನೆನೆಯುವುದು ಗುಂಡು ಎಸೆತಕ್ಕೆ, ಹಗ್ಗ ಜಗ್ಗಾಟಕ್ಕೆ. ಅಲ್ಲೂ ಅವರು ಓಡುವುದಿಲ್ಲ.

ಇದು ಎಷ್ಟು ಮಕ್ಕಳ ಮಾತು? ಅದಕ್ಕೂ ಉತ್ತರ ಇದೇ ಊರಿನಲ್ಲಿದೆ. ಇಡಪ್ಪಳ್ಳಿಯ ಆಚೆ ಪೋನೆಕ್ಕರದಲ್ಲಿರುವ ಅಮೃತಾ ಆಸ್ಪತ್ರೆಯ ವೈದ್ಯರು ಎರ್ನಾಕುಳಂ ಜಿಲ್ಲೆಯ 5ರಿಂದ 16 ವರ್ಷದ 24,842 ಮಕ್ಕಳನ್ನು ತೂಗಿ ಅಳೆದು, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. 2003ರಲ್ಲಿ ತೂಕ ಮೀರಿದ ಮಕ್ಕಳು ನೂರಕ್ಕೆ 4.94. ಎರಡೇ ವರ್ಷ ಬಿಟ್ಟು ನೋಡಿದಾಗ 6.57. ಪೇಟೆಯಲ್ಲಿ ಹೆಚ್ಚು, ಖಾಸಗಿ ಶಾಲೆಗಳಲ್ಲಿ ಹೆಚ್ಚು. ಏರಿಕೆ ಕಂಡದ್ದು ಖಾಸಗಿ ಶಾಲೆಗಳಲ್ಲಿ ಮಾತ್ರ. ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡಿತು: ತೂಕ ಮೀರಿದ ಮಕ್ಕಳಲ್ಲಿ ನೂರಕ್ಕೆ 17 ಮಂದಿಯ ರಕ್ತದೊತ್ತಡ ಆಗಲೇ ಏರಿತ್ತು, ಉಳಿದವರಲ್ಲಿ ಅದು ನೂರಕ್ಕೆ 10. ಬಿ.ಪಿ. ಎಂದರೆ ಅಜ್ಜನ ಕಾಯಿಲೆ ಎಂದು ತಿಳಿದವರು ನಾವು. ಅಂದು ಅಳೆಸಿಕೊಂಡ ಮಕ್ಕಳಿಗೆ ಈಗ ಇಪ್ಪತ್ತೈದರಿಂದ ನಲವತ್ತರ ಪ್ರಾಯ. ಮಹಾರಾಜಾಸ್ ಮೈದಾನದ ಹೊರಗಿನ ಲೇನಿಗೆ ಅವರಲ್ಲಿ ಕೆಲವರು ಬರಲು ಶುರುಮಾಡಿರಲೂ ಸಾಕು.

ಮೈದಾನದಿಂದ ಸುಭಾಷ್ ಪಾರ್ಕ್ ದಾಟಿ, ಮರೈನ್ ಡ್ರೈವಿನಲ್ಲಿ ಹಿನ್ನೀರಿನ ಗಾಳಿಗೆ ಮೈಯೊಡ್ಡಿ ಉತ್ತರಕ್ಕೆ ನಡೆದರೆ ಅರ್ಧ ಗಂಟೆಯಲ್ಲಿ ಕೇರಳ ಹೈಕೋರ್ಟಿನ ಎತ್ತರದ ಕಟ್ಟಡ. ದಾರಿಯುದ್ದಕ್ಕೂ ಬಾಳೆಹಣ್ಣು ಕರಿದ ಪಳಂಪೊರಿ, ಪಫ್ಸ್, ಕುಲುಕ್ಕಿ ಸರ್ಬತ್. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಅತಿಯಾದ ತಿಂಡಿ ಮಾರಬಾರದೆಂದು ಆಹಾರ ಸುರಕ್ಷಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಐವತ್ತೊಂದನೇ ಮೀಟರಿನಲ್ಲಿ ಬೇಕರಿ ಇರುತ್ತದೆ. ಕೇರಳದ ಬೇಕರಿಗಳ ಬಗ್ಗೆ ಕೆಟ್ಟ ಮಾತಾಡುವ ಧೈರ್ಯ ನನಗಿಲ್ಲ, ಬಿಡಿ.

ಈ ಹೈಕೋರ್ಟಿನಿಂದ 2024ರ ಏಪ್ರಿಲಿನಲ್ಲಿ ಒಂದು ತೀರ್ಪು ಹೊರಬಿತ್ತು. ಪತ್ತನಂತಿಟ್ಟ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಆಟದ ಬಯಲಿನಲ್ಲಿ ನೀರಿನ ಟ್ಯಾಂಕ್ ಕಟ್ಟುವುದರ ವಿರುದ್ಧ ಬಂದ ಅರ್ಜಿ. ನ್ಯಾಯಮೂರ್ತಿ ಪಿ.ವಿ. ಕುಂಞಿಕೃಷ್ಣನ್ ಟ್ಯಾಂಕಿನಲ್ಲೇ ನಿಲ್ಲಲಿಲ್ಲ. ಕೇರಳ ಶಿಕ್ಷಣ ನಿಯಮಾವಳಿ ಶಾಲೆಗೆ ಆಟದ ಬಯಲು ಬೇಕೆನ್ನುತ್ತದೆ, ಎಷ್ಟು ದೊಡ್ಡದು ಎನ್ನುವುದಿಲ್ಲ. ಅದನ್ನು ನಾಲ್ಕು ತಿಂಗಳೊಳಗೆ ನಿಗದಿ ಮಾಡಿ, ಆಮೇಲೂ ಬಯಲಿಲ್ಲದ ಶಾಲೆಗಳಿದ್ದರೆ ಮುಚ್ಚಿಸಿ ಎಂದು ಸರ್ಕಾರಕ್ಕೆ ಹೇಳಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧದಲ್ಲೂ ಆಟದ ಮೈದಾನದ ಮಾತಿದೆ. ಎರ್ನಾಕುಳಂ ನಗರದ ನೆಲದ ಬೆಲೆ ಗೊತ್ತಿದ್ದವರಿಗೆ ಈ ತೀರ್ಪು ಎಷ್ಟು ಗಟ್ಟಿ, ಜಾರಿ ಎಷ್ಟು ಕಷ್ಟ ಎರಡೂ ಅರ್ಥವಾಗುತ್ತದೆ. ಇರುವ ಮೈದಾನಗಳ ಮೇಲೂ ಹಕ್ಕು ಸಾಧಿಸುವವರು ಹಲವರು. ಪನಂಪಿಳ್ಳಿ ನಗರದ ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆಯ ಮೈದಾನ ಒಳ್ಳೆಯದು, ಕೇರಳ ಬ್ಲಾಸ್ಟರ್ಸ್ ಫುಟ್‌ಬಾಲ್ ತಂಡ ಅಲ್ಲಿ ಅಭ್ಯಾಸ ಮಾಡುತ್ತಿದ್ದಷ್ಟು ಒಳ್ಳೆಯದು. 2023ರ ಮೇನಲ್ಲಿ ಬಾಡಿಗೆಯ ತಕರಾರಿಗೆ ಅದರ ಗೇಟಿಗೆ ಬೀಗ ಬಿದ್ದು, 17 ವರ್ಷದೊಳಗಿನವರ ಆಯ್ಕೆಗೆಂದು ಬಂದ ಹುಡುಗರು ರಸ್ತೆಯಲ್ಲಿ ಕಾಯಬೇಕಾಯಿತು.

ಬಯಲಿದ್ದ ಮಾತ್ರಕ್ಕೆ ಎಲ್ಲರೂ ಆಡುವುದಿಲ್ಲ ಎಂಬುದನ್ನು ಪೆರುಂಬಾವೂರಿನ ಹತ್ತಿರದ ವಳಯನ್‌ಚಿರಂಗರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಬೇಗ ಕಂಡುಕೊಂಡಿತು. ಸ್ಕರ್ಟು ಹಾರುತ್ತದೆಂದು ಹುಡುಗಿಯರು ಓಡಲು, ಹತ್ತಲು ಹಿಂಜರಿಯುತ್ತಿದ್ದರು. 2018ರಲ್ಲಿ ಶಾಲೆ ಹುಡುಗ ಹುಡುಗಿ ಇಬ್ಬರಿಗೂ ಮೊಣಕಾಲು ಮುಚ್ಚುವ ಒಂದೇ ಬಗೆಯ ಚಡ್ಡಿಯನ್ನು ಸಮವಸ್ತ್ರವಾಗಿ ಗೊತ್ತುಮಾಡಿತು. ಲಿಂಗಸಮಾನತೆಯ ಕ್ರಾಂತಿ ಎಂದು ದೇಶವೆಲ್ಲ ಅದನ್ನು ಹೊಗಳಿತು. ನನಗೆ ಅದು ದೈಹಿಕ ಶಿಕ್ಷಣದ ಸುಧಾರಣೆಯಾಗಿ ಕಾಣುತ್ತದೆ. ಒಂದು ದರ್ಜಿ ಮಾಡಬಹುದಾದ ಕೆಲಸವನ್ನು ಹತ್ತು ಸುತ್ತೋಲೆ ಮಾಡಲಾರವು. ತೊಂದರೆ ಏನೆಂದರೆ, ಈ ಮಕ್ಕಳು ಹತ್ತು ದಾಟಿ ಹೈಸ್ಕೂಲಿಗೆ ಬರುವಾಗ ಮತ್ತೆ ಚೂಡಿದಾರ, ಮೇಲೆ ಕೋಟು. ಹುಡುಗಿಯರ ಮೈ ಬೆಳೆಯುವ, ಆಟ ಕುಂದುವ ವರ್ಷಗಳು ಅವೇ.

ಎರ್ನಾಕುಳಂ ಸೌತ್‌ನಿಂದ ತಿರುವನಂತಪುರಕ್ಕೆ ಇನ್ನೂರು ಕಿಲೋಮೀಟರಿನ ರೈಲು ಪ್ರಯಾಣ. ಕಾಯಂಕುಳದ ತನಕ ಎದುರು ಸೀಟಿನ ಹುಡುಗ ಮೊಬೈಲಿನಲ್ಲಿ ಫುಟ್‌ಬಾಲ್ ಆಡಿದ; ಬಲು ಚೆನ್ನಾಗಿ ಆಡಿದ. ಈ ಹೊತ್ತು ಒಂದು ಅಹಿತದ ಸತ್ಯ ಹೇಳಿಬಿಡಲು ಅನುಕೂಲ. ಪಿ.ಟಿ. ಪೀರಿಯಡ್ ಮಕ್ಕಳನ್ನು ತೆಳ್ಳಗೆ ಮಾಡುವುದಿಲ್ಲ. ನಲವತ್ತೈದು ಕಿಲೋ ತೂಕದ ಹುಡುಗ ಅರ್ಧ ಗಂಟೆ ಬಿಡದೆ ಓಡಾಡಿದರೆ ಖರ್ಚಾಗುವುದು ಸುಮಾರು ನೂರು, ನೂರಿಪ್ಪತ್ತು ಕ್ಯಾಲೊರಿ. ಎಣ್ಣೆ ಕುಡಿದ ಒಂದು ಪಳಂಪೊರಿ ಅದನ್ನು ಮೀರಿಸುತ್ತದೆ. ಶಾಲೆಗಳಲ್ಲಿ ವ್ಯಾಯಾಮ ಹೆಚ್ಚಿಸಿ ನೋಡಿದ ಹಲವು ದೇಶಗಳ ಅಧ್ಯಯನಗಳನ್ನು 2013ರಲ್ಲಿ ಕೊಕ್ರೇನ್ ಸಮೀಕ್ಷೆ ಒಟ್ಟುಗೂಡಿಸಿದಾಗ ಮಕ್ಕಳ ಬಿ.ಎಂ.ಐ. ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಆದರೆ ಮಕ್ಕಳು ಮೈ ಬಳಸಿದ ಹೊತ್ತು ಹೆಚ್ಚಿತ್ತು, ಟಿ.ವಿ. ಮುಂದೆ ಕೂತದ್ದು ಕಡಿಮೆಯಾಗಿತ್ತು, ಉಸಿರಿನ ಕಸುವು ಬೆಳೆದಿತ್ತು. ತಟ್ಟೆಯ ತಪ್ಪನ್ನು ಮೈದಾನ ತೀರಿಸಲಾರದು. ಕೇರಳ 2016ರಲ್ಲಿ ಬ್ರ್ಯಾಂಡೆಡ್ ರೆಸ್ಟೊರೆಂಟುಗಳ ಬರ್ಗರ್, ಪಿಜ್ಜಾ ಮೇಲೆ 14.5 ಶೇಕಡಾ ಕೊಬ್ಬಿನ ತೆರಿಗೆ ಹಾಕಿ ತಟ್ಟೆಗೂ ಕೈಹಾಕಿತ್ತು. ಮರುವರ್ಷ ಜಿ.ಎಸ್.ಟಿ. ಬಂದು ಅದು ಕರಗಿತು. ಪಳಂಪೊರಿಗೆ ಅಂದೂ ತೆರಿಗೆ ಇರಲಿಲ್ಲ.

ಹಾಗಾದರೆ ಪಿ.ಟಿ. ಏಕೆ? ತೂಕ ಇಳಿಸುವುದಕ್ಕಲ್ಲ, ಏರದಂತೆ ತಡೆಯುವುದಕ್ಕೆ. ಅದಕ್ಕಿಂತ ಹೆಚ್ಚಾಗಿ, ಮೈ ಬೆವರುವುದು ನಾಚಿಕೆಯ ಸಂಗತಿ ಅಲ್ಲ ಎಂದು ಹದಿಮೂರರಲ್ಲೇ ಗೊತ್ತಾಗುವುದಕ್ಕೆ. 5ರಿಂದ 17ರ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚುರುಕಿನ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರದೇ ಲೆಕ್ಕದಲ್ಲಿ ಜಗತ್ತಿನ 11ರಿಂದ 17ರ ಪ್ರಾಯದವರಲ್ಲಿ ನೂರಕ್ಕೆ 81 ಮಂದಿಗೆ ಅಷ್ಟು ಸಿಗುತ್ತಿಲ್ಲ.

ತಿರುವನಂತಪುರದ ಬೆಳಿಗ್ಗೆ ನೋಡಬೇಕಾದರೆ ಕನಕಕ್ಕುನ್ನು ಅರಮನೆಯ ಆವರಣ, ಪಕ್ಕದ ಮ್ಯೂಸಿಯಂ ತೋಟ. ಆರು ಗಂಟೆಗೆ ಜನವೋ ಜನ. ನಿವೃತ್ತ ಕಾರ್ಯದರ್ಶಿಗಳು, ಪ್ರಾಧ್ಯಾಪಕರು, ಸೀರೆಯ ಕೆಳಗೆ ಸ್ಪೋರ್ಟ್ಸ್ ಷೂ ಹಾಕಿದ ಚೇಚಿಯರು, ಅಂದರೆ ಅಕ್ಕಂದಿರು. ಸಕ್ಕರೆಯ ಅಂಕಿಯನ್ನು ಕ್ರಿಕೆಟ್ ಸ್ಕೋರಿನಂತೆ ಪರಸ್ಪರ ಕೇಳಿಕೊಳ್ಳುತ್ತಾರೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯಂತೆ ಕೇರಳದ ವಯಸ್ಕರಲ್ಲಿ ನೂರಕ್ಕೆ 25.5 ಮಂದಿಗೆ ಮಧುಮೇಹ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಲ್ಲಿಯ ಮಹಿಳೆಯರಲ್ಲಿ ನೂರಕ್ಕೆ 38, ಗಂಡಸರಲ್ಲಿ 36 ಮಂದಿ ತೂಕ ಮೀರಿದವರು. ಇವರೆಲ್ಲ ಚೆನ್ನಾಗಿ ಓದಿದವರು, ಕೇರಳದ ಶಾಲೆಗಳಲ್ಲೇ ಓದಿದವರು. ಇದೇ ಆರು ಗಂಟೆಗೆ ಅವರ ಮೊಮ್ಮಕ್ಕಳು ಎಂಟ್ರೆನ್ಸ್ ಕೋಚಿಂಗ್‌ನಲ್ಲಿ ಕೂತಿರುತ್ತಾರೆ. ಕೆಲಸ ಮುಗಿದ ಮೇಲೆ ನಡೆದರಾಯಿತು ಎಂಬುದೇ ಈ ಊರಿನ ಕ್ರಮ.

ಪಾಳಯದ ಚಂದ್ರಶೇಖರನ್ ನಾಯರ್ ಸ್ಟೇಡಿಯಂನಲ್ಲಿ 2025ರ ಅಕ್ಟೋಬರಿನಲ್ಲಿ ಮುಂದಿನ ಮೇಳದ ಓಟಗಳು ನಡೆದವು. ಗೆದ್ದ ಜಿಲ್ಲೆಗೆ 117.5 ಪವನಿನ ಚಿನ್ನದ ಕಪ್, ಅದು ಆತಿಥೇಯ ತಿರುವನಂತಪುರಕ್ಕೇ ದಕ್ಕಿತು. ಕಪ್ಪಿನ ಹಿಂದಿನ ಬಲ ನಗರದ ಹೊರಗಿದೆ. ಅರುವಿಕ್ಕರದ ಹತ್ತಿರ ಮೈಲಂನಲ್ಲಿ ಜಿ.ವಿ. ರಾಜಾ ಕ್ರೀಡಾ ಶಾಲೆ. ಕೇರಳದ ಕ್ರೀಡಾ ಮಂಡಳಿಯನ್ನು ಕಟ್ಟಿದ, 1971ರಲ್ಲಿ ಕುಲುವಿನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡ ಗೋದವರ್ಮ ರಾಜರ ಹೆಸರು ಅದಕ್ಕೆ. ಎರ್ನಾಕುಳಂ ಜಿಲ್ಲೆಯ ಕಿಳಕ್ಕಂಬಲಂನ ಹುಡುಗ ಶ್ರೀಜೇಶ್ ಇಲ್ಲಿಗೆ ಬಂದಾಗ ಅವನಿಗೆ ಹಾಕಿಯೇ ಗೊತ್ತಿರಲಿಲ್ಲ. ಓಟ, ಉದ್ದಜಿಗಿತ, ವಾಲಿಬಾಲ್ ಎಲ್ಲ ಆದ ಮೇಲೆ ತರಬೇತುದಾರರು ಗೋಲಿನ ಮುಂದೆ ನಿಲ್ಲಿಸಿದರು. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಕಂಚು. ಮಗುವಿಗೆ ಯಾವ ಆಟ ಒಗ್ಗುತ್ತದೆಂದು ನಾಲ್ಕು ಆಟ ಆಡಿಸಿ ನೋಡುವ ವ್ಯವಧಾನ ಕ್ರೀಡಾ ಶಾಲೆಗಿದೆ. ಆ ವ್ಯವಧಾನ ಬೇಕಾದದ್ದು ಸಾಮಾನ್ಯ ಶಾಲೆಗೆ. ಅಲ್ಲಿ ಒಂದು ಆಟದಲ್ಲಿ ಔಟಾದವನು ವರ್ಷಪೂರ್ತಿ ಔಟು. ಕೊಚ್ಚಿಯ ಮೇಳದ ಸಮಾರೋಪದಲ್ಲಿ ಕ್ರೀಡಾ ಶಾಲೆಯನ್ನೂ ಸಾಮಾನ್ಯ ಶಾಲೆಗಳನ್ನೂ ಒಂದೇ ಪಟ್ಟಿಯಲ್ಲಿಟ್ಟು ಬಹುಮಾನ ಕೊಟ್ಟರೆಂದು ಗಲಾಟೆಯೇ ಆಗಿತ್ತು. ಎಲ್ಲರ ಕಣ್ಣೂ ಪಾಯಿಂಟಿನ ಮೇಲೆ. ಎಸ್.ಎಸ್.ಎಲ್.ಸಿ.ಯಲ್ಲಿ ಗ್ರೇಸ್ ಮಾರ್ಕು ಸಿಗುವುದೂ ಪಾಯಿಂಟು ತಂದವರಿಗೇ.

ಕೇರಳ ವಿಶ್ವವಿದ್ಯಾಲಯದ ಕಾರ್ಯವಟ್ಟಂ ಕ್ಯಾಂಪಸ್ಸಿನ ಬದಿಯಲ್ಲಿ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜು. 1985ರಲ್ಲಿ ಶುರುವಾದ ಇದು ದೈಹಿಕ ಶಿಕ್ಷಕರನ್ನು ತಯಾರು ಮಾಡುವ ಜಾಗ. ಸೈಕಲ್ ಓಟಕ್ಕೆ ವೆಲೊಡ್ರೋಮ್ ಕೂಡ ಇದೆ. ಪಕ್ಕದಲ್ಲಿ 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಗ್ರೀನ್‌ಫೀಲ್ಡ್ ಸ್ಟೇಡಿಯಂ. ಇಲ್ಲಿಂದ ಪದವಿ ಹಿಡಿದು ಹೊರಬಿದ್ದವರಿಗೆ ಶಾಲೆಯಲ್ಲಿ ಕೆಲಸ ಎಲ್ಲಿದೆ ಎಂದು ಕೇಳಿದರೆ ಲೆಕ್ಕಾಚಾರ ಶುರು. ಹಿರಿಯ ಪ್ರಾಥಮಿಕದಲ್ಲಿ ಒಂದು ಹುದ್ದೆಗೆ ಐನೂರು ಮಕ್ಕಳಿರಬೇಕು ಎಂಬುದು ಹಳೆಯ ಪ್ರಮಾಣವಾಗಿತ್ತು. ಹನ್ನೊಂದು, ಹನ್ನೆರಡನೇ ತರಗತಿಗಳಿಗೆ ದೈಹಿಕ ಶಿಕ್ಷಕರ ಹುದ್ದೆಯನ್ನೇ ಮಂಜೂರು ಮಾಡಿಲ್ಲವೆಂದು ಶಿಕ್ಷಕರು ವರ್ಷಗಳಿಂದ ಹೋರಾಡುತ್ತಿದ್ದಾರೆ. 2025ರಲ್ಲಿ ಉಪಜಿಲ್ಲಾ ಕೂಟಗಳ ಹೊಣೆ ಹೊರುವುದಿಲ್ಲವೆಂದು ಪ್ರತಿಭಟಿಸಿದ್ದೂ ಇದೇ ಬೇಡಿಕೆಗಳಿಗೆ.

ಈ ಎಲ್ಲದರ ಕಡತಗಳು ಜಗತಿಯ ಸಾರ್ವಜನಿಕ ಶಿಕ್ಷಣ ನಿರ್ದೇಶನಾಲಯದಲ್ಲಿವೆ. ಆಟದ ಪೀರಿಯಡನ್ನು ಗಣಿತ, ವಿಜ್ಞಾನಕ್ಕೆ ಕಬಳಿಸಬಾರದೆಂದು ಮಕ್ಕಳ ಹಕ್ಕುಗಳ ಆಯೋಗ 2024ರಲ್ಲಿ ನಿರ್ದೇಶನ ಕೊಟ್ಟದ್ದು, ಇಲಾಖೆ ಅದನ್ನು ಶಾಲೆಗಳಿಗೆ ಕಳಿಸಿದ್ದು ಒಂದು. 2025ರ ಜೂನ್‌ನಲ್ಲಿ ಶುಕ್ರವಾರ ಬಿಟ್ಟು ಉಳಿದ ದಿನ ಹೈಸ್ಕೂಲಿಗೆ ಅರ್ಧ ಗಂಟೆ ಸೇರಿಸಿದ್ದು ಇನ್ನೊಂದು. ಆ ಅರ್ಧ ಗಂಟೆ ಪಾಠಕ್ಕೆ ಹೋಯಿತು. ಅದೇ ತಿಂಗಳು ಮಾದಕ ವಸ್ತು ವಿರೋಧಿ ಅಭಿಯಾನದ ಹೆಸರಿನಲ್ಲಿ ಶಾಲೆಗಳಿಗೆ ಜುಂಬಾ ಬಂತು. ಹುಡುಗ ಹುಡುಗಿ ಸೇರಿ ಕುಣಿಯುವುದು ತಮಗೆ ಒಪ್ಪಿಗೆಯಿಲ್ಲವೆಂದು ಕೆಲವು ಮುಸ್ಲಿಂ ಸಂಘಟನೆಗಳು, ಸಮವಸ್ತ್ರದಲ್ಲಿ ವ್ಯಾಯಾಮ ಮಾಡಿಸುವುದರಲ್ಲಿ ತಪ್ಪೇನೆಂದು ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ. ವಾರಗಟ್ಟಲೆ ಟಿ.ವಿ. ಚರ್ಚೆ. ಆ ಗದ್ದಲದಲ್ಲಿ ಯಾರೂ ಆಡದ ಒಂದು ಮಾತಿದೆ. ಜುಂಬಾದಲ್ಲಿ ಯಾರೂ ಔಟಾಗುವುದಿಲ್ಲ. ಹೆಜ್ಜೆ ತಪ್ಪಿದವನೂ ಬೆವರುತ್ತಾನೆ. ಧರ್ಮ, ಸಂಸ್ಕೃತಿಯ ವಾದ ಅತ್ತ ಇರಲಿ. ಜುಂಬಾ ಬೇಡವಾದರೆ ಕೋಲಾಟ ಆಗಬಹುದು, ಹಗ್ಗದಾಟ ಆಗಬಹುದು, ಕಳರಿಯ ಮೈಸಾಧನೆ ಆಗಬಹುದು. ಕಳರಿಪಯಟ್ಟು 2025ರ ಮೇಳಕ್ಕೇ ಸೇರಿದೆಯಲ್ಲ.

ನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಕಂಡ ಟೀಚರ್ ಇಂಥ ವಾದಗಳಿಗೆ ಕಾಯ್ದವರಲ್ಲ. ತುಲಾವರ್ಷದ, ಅಂದರೆ ಹಿಂಗಾರಿನ, ಮಳೆ ಸುರಿಯುತ್ತಿತ್ತು. ಕೇರಳದಲ್ಲಿ ಜೂನಿನಿಂದ ನವೆಂಬರಿನವರೆಗೆ ಮೈದಾನ ಅರ್ಧ ದಿನ ಕೆಸರು, ಆದ್ದರಿಂದ ‘ಇವತ್ತು ಪಿ.ಟಿ. ಇಲ್ಲ’ ಎಂಬ ಮಾತು ಇಲ್ಲಿ ಹವಾಮಾನ ವರದಿಯ ಭಾಗ. ಟೀಚರ್ ಮಕ್ಕಳನ್ನು ವರಾಂಡಕ್ಕೆ ಕರೆದು ಇಬ್ಬಿಬ್ಬರಿಗೆ ಒಂದು ಹಗ್ಗ ಕೊಟ್ಟರು. ಒಬ್ಬಳು ಜಿಗಿಯುವಾಗ ಇನ್ನೊಬ್ಬಳು ನಿಂತಲ್ಲೇ ಹೆಜ್ಜೆ ಹಾಕಬೇಕು, ಕೂರುವಂತಿಲ್ಲ. ಎಣಿಸಬೇಕಾದದ್ದು ತನ್ನ ಹಿಂದಿನ ವಾರದ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಎಂದು, ಪಕ್ಕದವಳಿಗಿಂತ ಎಷ್ಟೆಂದು ಅಲ್ಲ. ಡಾಡ್ಜ್‌ಬಾಲನ್ನೂ ಅವರು ತಿದ್ದಿದ್ದಾರೆ. ಚೆಂಡು ತಗಲಿದವಳು ಹೊರಗೆ ಕೂರುವ ಬದಲು ಅಂಗಳಕ್ಕೆ ಒಂದು ಸುತ್ತು ಹಾಕಿ ಮತ್ತೆ ಒಳಗೆ ಬರಬೇಕು.

“ದಪ್ಪ ಮಕ್ಕಳಿಗೆ ಶಿಕ್ಷೆ ಅನ್ನಿಸುವುದಿಲ್ಲವಾ?” ಎಂದು ಕೇಳಿದೆ.

“ಮೊದಮೊದಲು ಅನ್ನಿಸಿತು. ಅದಕ್ಕೇ ನಾನೂ ಅವರ ಜತೆ ಸುತ್ತು ಹಾಕಿದೆ. ನನ್ನ ತೂಕ ನೋಡಿ, ಸರ್” ಎಂದು ನಕ್ಕರು. ಆಮೇಲೆ ದಾಖಲೆ ಪುಸ್ತಕ ತೆರೆದು ತೋರಿಸಿದರು. ವರ್ಷಕ್ಕೆರಡು ಸಲ ಎತ್ತರ, ತೂಕ ಬರೆಯುತ್ತಾರೆ. ಯಾರ ತೂಕವನ್ನೂ ಗಟ್ಟಿಯಾಗಿ ಓದುವುದಿಲ್ಲ, ಪರದೆಯ ಹಿಂದೆ ಒಬ್ಬೊಬ್ಬರನ್ನೇ ತೂಗುತ್ತಾರೆ. ಮೀರಿದವರ ಮನೆಯವರನ್ನು ಕರೆದು ಮಾತಾಡುತ್ತಾರೆ. ಬರುವವರು ಹೆಚ್ಚಾಗಿ ಅಮ್ಮಂದಿರು. ಟ್ಯೂಷನ್ ತಪ್ಪದಂತೆ ಏನಾದರೂ ಮಾಡಿ ಎನ್ನುತ್ತಾರೆ.

ಹತ್ತನೇ ತರಗತಿಯ ಪುಟಗಳಲ್ಲಿ ಹಗ್ಗದಾಟದ ಲೆಕ್ಕ ಡಿಸೆಂಬರಿಗೆ ನಿಂತಿತ್ತು. ಆಮೇಲೆ ಮಾದರಿ ಪರೀಕ್ಷೆ. ಹನ್ನೊಂದನೆಯದಕ್ಕೆ ಪುಟವೇ ಇರಲಿಲ್ಲ. ಆ ಮಕ್ಕಳು ಅದೇ ಗೇಟಿನಿಂದ ಒಳಗೆ ಬರುತ್ತಾರೆ, ಪಕ್ಕದ ಕಟ್ಟಡದಲ್ಲಿ ಕೂರುತ್ತಾರೆ. ಟೀಚರ್ ಅವರಿಗೆ ಟೀಚರ್ ಅಲ್ಲ. “ಕೆಲವರು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು ಹಗ್ಗ ಕೇಳುತ್ತಾರೆ,” ಎಂದರು. “ಕೊಡುತ್ತೇನೆ. ರಿಜಿಸ್ಟರಿನಲ್ಲಿ ಬರೆಯುವ ಹಾಗಿಲ್ಲ, ಅಷ್ಟೇ.”